ದಂಡವೂ ಮುದ್ರೆಯೂ

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಮಹಾಪಾತಕಿಗಳ ಶಿಕ್ಷೆಯ ವಿಚಾರ ಬರುತ್ತದೆ. ಪ್ರಾಯಶ್ಚಿತ್ತ ಮಾಡಿಕೊಳ್ಳದ ಪಾತಕಿಯ ಹಣೆಯ ಮೇಲೆ ಅರಸನು ಒಂದು ಗುರುತನ್ನು ಒತ್ತಿಸಬೇಕೆಂದು ಅಲ್ಲಿ ವಿಧಿಸಿದೆ. ಕಳ್ಳನಿಗೆ ನಾಯಿಯ ಪಾದದ ಗುರುತು. ಸುರಾಪಾನ ಮಾಡಿದವನಿಗೆ ಹೆಂಡದಂಗಡಿಯ ಧ್ವಜದ ಗುರುತು. ಅಷ್ಟಕ್ಕೇ ಮುಗಿಯುವುದಿಲ್ಲ. ಹಾಗೆ ಗುರುತು ಹೊತ್ತವನ ಜೊತೆಯಲ್ಲಿ ಯಾರೂ ಉಣ್ಣಬಾರದು, ಅವನಿಗೆ ಯಾರೂ ಓದು ಹೇಳಬಾರದು, ಹೆಣ್ಣು ಕೊಡಬಾರದು; ದಾಯಾದಿಗಳೂ ನೆಂಟರೂ ಅವನನ್ನು ಬಿಟ್ಟುಬಿಡಬೇಕು; ಅವನಿಗೆ ನಮಸ್ಕಾರವೂ ಸಲ್ಲದು, ದಯೆಯೂ ಸಲ್ಲದು. ಮನುವಿನ ದಂಡನೀತಿ ವರ್ಣಭೇದದ ತಳಹದಿಯ ಮೇಲೆ ನಿಂತದ್ದು. ಅದನ್ನು ಮೆಚ್ಚಿ ಇಲ್ಲಿ ಎತ್ತಿ ಹೇಳುತ್ತಿಲ್ಲ. ಆದರೆ ಒಂದು ವಿಷಯದಲ್ಲಿ ಆ ಹಳೆಯ ಶಾಸ್ತ್ರಕಾರ ನಮಗಿಂತ ನೇರವಾದವನು. ಶಿಕ್ಷೆ ಎಂಬುದು ಮೈಗೆ ಆಗುವ ನೋವು ಮಾತ್ರವಲ್ಲ, ಹಣೆಯ ಮೇಲೆ ಉಳಿಯುವ ಬರಹ ಎಂಬುದನ್ನು ಅವನು ಮುಚ್ಚಿಡಲಿಲ್ಲ.

ಇಂಗ್ಲಿಷಿನಲ್ಲಿ ‘ಸ್ಟಿಗ್ಮಾ’ ಎಂಬ ಮಾತು ಇಂದು ಬಹಳ ಬಳಕೆಯಲ್ಲಿದೆ. ಅದು ಗ್ರೀಕರ ಪದ. ಗುಲಾಮರ, ಅಪರಾಧಿಗಳ ಮೈಮೇಲೆ ಕೊಯ್ದು ಅಥವಾ ಸುಟ್ಟು ಹಾಕುತ್ತಿದ್ದ ಗುರುತಿಗೆ ಆ ಹೆಸರಿತ್ತೆಂದು ಅರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞ ೧೯೬೩ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಆರಂಭದಲ್ಲಿಯೇ ನೆನಪು ಮಾಡಿಕೊಡುತ್ತಾನೆ. ನಾವು ಅದನ್ನು ‘ಕಳಂಕ’ ಎಂದು ಕನ್ನಡಿಸುತ್ತೇವೆ. ಅನುವಾದ ತಪ್ಪಲ್ಲ, ಆದರೂ ಎರಡಕ್ಕೂ ನಡುವೆ ಒಂದು ಅಂತರವಿದೆ. ಕಳಂಕವೆಂದರೆ ನಮಗೆ ಮೊದಲು ನೆನಪಾಗುವುದು ಚಂದ್ರ. ಚಂದ್ರನ ಕಳಂಕವನ್ನು ಯಾರೂ ಹಚ್ಚಿದ್ದಲ್ಲ, ಅದು ಅವನ ಮೈಯಲ್ಲಿಯೇ ಇರುವುದು. ಗ್ರೀಕರ ಮಾತಿನಲ್ಲಿ ಮಾತ್ರ ಗುರುತನ್ನು ಒತ್ತಿದ ಒಂದು ಕೈ ಕಾಣಿಸುತ್ತದೆ. ಮಾದಕ ವಸ್ತುಗಳನ್ನು ಸೇವಿಸುವವರ ಬಗೆಗೆ ನಾವು ಆಡುವ ಮಾತಿನಲ್ಲೆಲ್ಲ ಆ ಕೈ ಮರೆಯಾಗಿ ಹೋಗಿರುತ್ತದೆ. ಕಳಂಕ ಅವರ ಮೈಯಲ್ಲಿಯೇ ಹುಟ್ಟಿತೆಂಬಂತೆ ಮಾತನಾಡುತ್ತೇವೆ.

ಪ್ರಕೃತ ಪ್ರಶ್ನೆ ಇದು: ಸೇವಿಸಿದವನನ್ನು ಅಪರಾಧಿಯೆಂದು ಸಾರುವ ಕಾನೂನು ಜನರನ್ನು ಆ ಚಟದಿಂದ ಹಿಂಜರಿಯುವಂತೆ ಮಾಡುತ್ತದೆಯೋ, ಅಥವಾ ಹಣೆಗೆ ಮುದ್ರೆಯೊತ್ತಿ ಕೈತೊಳೆದುಕೊಳ್ಳುತ್ತದೆಯೋ?

ನಮ್ಮ ದೇಶದ ಕಾನೂನನ್ನೇ ನೋಡೋಣ. ಗಾಂಜಾ, ಅಫೀಮುಗಳು ಇಲ್ಲಿ ನೆನ್ನೆ ಮೊನ್ನೆ ಬಂದವಲ್ಲ. ೧೮೯೩-೯೪ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ, ಭಂಗಿ, ಚರಸ್‌ಗಳ ವಿಚಾರಣೆಗೆಂದೇ ಒಂದು ಆಯೋಗವನ್ನು ನೇಮಿಸಿತ್ತು. ಅದು ಸಾವಿರಕ್ಕೂ ಮಿಕ್ಕ ಸಾಕ್ಷಿಗಳನ್ನು ವಿಚಾರಿಸಿ, ಏಳು ಸಂಪುಟಗಳ ವರದಿ ಬರೆದು, ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲವೆಂದೂ ಸಂಪೂರ್ಣ ನಿಷೇಧ ಯುಕ್ತವಲ್ಲವೆಂದೂ ತೀರ್ಮಾನಿಸಿತು. ಸರ್ಕಾರಕ್ಕೆ ಅಬಕಾರಿ ವರಮಾನದ ಆಸೆ ಇತ್ತೆಂಬುದೂ ನಿಜವೇ. ಅದೇನೇ ಇರಲಿ, ೧೯೬೧ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ಭಾರತ, ಅದು ಕೊಟ್ಟಿದ್ದ ಗಡುವು ಮುಗಿಯುತ್ತ ಬಂದಾಗ, ೧೯೮೫ರಲ್ಲಿ ಮಾದಕ ದ್ರವ್ಯಗಳ ಅಧಿನಿಯಮವನ್ನು ತಂದಿತು. ಪತ್ರಿಕೆಗಳಲ್ಲಿ ‘ಎನ್‌ಡಿಪಿಎಸ್ ಕಾಯಿದೆ’ ಎಂದು ನಾವು ನಿತ್ಯ ಓದುವುದು ಇದನ್ನೇ. ಇದರ ೨೭ನೆಯ ಪ್ರಕರಣದಂತೆ ಸೇವನೆಯೇ ಅಪರಾಧ. ಹೆರಾಯಿನ್, ಕೊಕೇನ್, ಮಾರ್ಫಿನ್ ಮೊದಲಾದವುಗಳಿಗೆ ಒಂದು ವರ್ಷದ ತನಕ ಸೆರೆ, ಇಲ್ಲವೆ ೨೦,೦೦೦ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಉಳಿದವುಗಳಿಗೆ ಆರು ತಿಂಗಳ ತನಕ ಸೆರೆ, ಇಲ್ಲವೆ ೧೦,೦೦೦ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ದೊಡ್ಡ ಪ್ರಮಾಣದಲ್ಲಿ ಸಾಗಿಸುವವರಿಗೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಕಠಿಣ ಸಜೆ. ಅವರ ವಿಷಯದಲ್ಲಿ ನನಗೆ ಮರುಕವಿಲ್ಲ. ಈ ಲೇಖನ ಅವರನ್ನು ಕುರಿತದ್ದೂ ಅಲ್ಲ.

ಹೆದರಿಕೆಯ ವಿಚಾರ ಬಂದಾಗ ಇಟಲಿಯ ಬೆಕ್ಕಾರಿಯಾನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ೧೭೬೪ರಲ್ಲಿ, ಇಪ್ಪತ್ತಾರು ವರ್ಷದ ಈ ತರುಣ, ಅಪರಾಧ ಮತ್ತು ಶಿಕ್ಷೆಗಳನ್ನು ಕುರಿತು ಒಂದು ಸಣ್ಣ ಪುಸ್ತಕ ಬರೆದು ಯೂರೋಪನ್ನೇ ಚಿಂತಿಸುವಂತೆ ಮಾಡಿದ. ಮನುಷ್ಯನನ್ನು ತಡೆಯುವುದು ಶಿಕ್ಷೆಯ ಕ್ರೌರ್ಯಕ್ಕಿಂತ ಹೆಚ್ಚಾಗಿ ಅದು ತಪ್ಪದೆ ಬಂದೇ ಬರುತ್ತದೆಂಬ ನಂಬಿಕೆ ಎಂಬುದು ಅವನ ವಾದದ ಸಾರ. ಈ ಅಳತೆಗೋಲನ್ನು ನಮ್ಮ ಕಾನೂನಿಗೆ ಹಿಡಿದು ನೋಡಬೇಕು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ತಜ್ಞರು ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವರ್ಷದೊಳಗೆ ಗಾಂಜಾ ಅಥವಾ ಚರಸ್ ಸೇವಿಸಿದವರು ದೇಶದಲ್ಲಿ ಸುಮಾರು ೧ ಕೋಟಿ ೩೦ ಲಕ್ಷ. ಅಫೀಮು, ಹೆರಾಯಿನ್ ಮೊದಲಾದವುಗಳ ಲೆಕ್ಕ ಬೇರೆ. ಅವನ್ನು ಸೇವಿಸಿದವರು ೨ ಕೋಟಿಗೂ ಹೆಚ್ಚು. ಈಚಿನ ವರ್ಷಗಳಲ್ಲಿ ಈ ಕಾಯಿದೆಯಡಿ ದೇಶದಲ್ಲೆಲ್ಲ ದಾಖಲಾಗುವ ಮೊಕದ್ದಮೆಗಳು ವರ್ಷಕ್ಕೆ ಒಂದು ಲಕ್ಷವನ್ನು ಸ್ವಲ್ಪ ಮೀರುತ್ತವೆ, ಅದೂ ಮಾರಾಟಗಾರರನ್ನೂ ಸಾಗಣೆಗಾರರನ್ನೂ ಸೇರಿಸಿಕೊಂಡು. ಗಾಂಜಾ ಚರಸ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೂ ನೂರು ಜನಕ್ಕೆ ಒಬ್ಬನಿಗಿಂತ ಹೆಚ್ಚು ಸಿಕ್ಕಿಬೀಳುವುದಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಸಲ ಬಾರದ ಮಳೆಗೆ ಯಾರು ಕೊಡೆ ಹಿಡಿಯುತ್ತಾರೆ?

ಹೊರಗಿನ ಅನುಭವವೂ ಇದಕ್ಕೆ ವಿರುದ್ಧವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ೧೭ ದೇಶಗಳಲ್ಲಿ ನಡೆದು ೨೦೦೮ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜೀವಮಾನದಲ್ಲಿ ಒಮ್ಮೆಯಾದರೂ ಗಾಂಜಾ ಸೇದಿದವರು ಕಠಿಣ ಕಾನೂನಿನ ಅಮೆರಿಕದಲ್ಲಿ ನೂರಕ್ಕೆ ಸುಮಾರು ೪೨. ಉದಾರ ನೀತಿಯ ನೆದರ್ಲೆಂಡಿನಲ್ಲಿ ಸುಮಾರು ೨೦. ಇದರಿಂದ ಕಾನೂನು ಬಿಗಿಯಾದಷ್ಟೂ ಚಟ ಹೆಚ್ಚುತ್ತದೆಂದು ಸಾಧಿಸಹೊರಡುವುದು ಅವಿವೇಕ. ಸಂಪತ್ತು, ವಯಸ್ಸು, ಊರಿನ ಬದುಕು, ವಸ್ತು ಸಿಗುವ ಸೌಲಭ್ಯ, ಇಂಥ ಎಷ್ಟೋ ಸಂಗತಿಗಳು ಇದರಲ್ಲಿ ಸೇರಿವೆ. ಕಾನೂನಿನ ಬಿಗಿಗೂ ಸೇವನೆಯ ಪ್ರಮಾಣಕ್ಕೂ ನಾವು ಊಹಿಸಿಕೊಂಡಿರುವ ಸರಳ ಸಂಬಂಧವಿಲ್ಲ ಎಂಬಷ್ಟು ಮಾತ್ರ ಸ್ಪಷ್ಟ.

ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರು, ಹಿರಿಯರು, ಈ ಮಾತನ್ನು ಒಪ್ಪುವುದಿಲ್ಲ. “ಸಿಕ್ಕಿಬೀಳುವವನು ನೂರಕ್ಕೆ ಒಬ್ಬನೇ ಇರಬಹುದು. ಆದರೆ ಕಾನೂನು ಇದೆ ಎಂಬ ಅಳುಕಿನಿಂದ ಮುಟ್ಟದೇ ಉಳಿದವರು ಎಷ್ಟು ಮಂದಿ, ಅವರನ್ನು ಎಣಿಸಿದವರು ಯಾರು?” ಎಂದು ಅವರು ಕೇಳುತ್ತಾರೆ. ಇದು ಹಗುರವಾದ ಪ್ರಶ್ನೆಯಲ್ಲ. ಮಾಡದವರ ಲೆಕ್ಕ ಯಾವ ಸಮೀಕ್ಷೆಗೂ ಸುಲಭವಾಗಿ ಸಿಗುವುದಿಲ್ಲ. ಹಳ್ಳಿಯಿಂದ ಮೊದಲ ಸಲ ಪಟ್ಟಣದ ವಿದ್ಯಾರ್ಥಿನಿಲಯಕ್ಕೆ ಬಂದ ಹುಡುಗನಿಗೆ, ಗೆಳೆಯ ಚಾಚಿದ ಕೈಯನ್ನು ತಳ್ಳಲು ‘ಪೊಲೀಸು’ ಎಂಬ ಒಂದು ಮಾತಾದರೂ ನೆಪವಾಗಿ ಒದಗುತ್ತದೆ. ಅಷ್ಟನ್ನು ಒಪ್ಪಿಕೊಳ್ಳೋಣ. ಆದರೆ ಆ ಅಳುಕು ಕೆಲಸ ಮಾಡುವುದು ಮೊದಲ ಸಲದ ಹೊಸ್ತಿಲಲ್ಲಿ. ಹೊಸ್ತಿಲು ದಾಟಿದವನ ಮೇಲೆ ಅದೇ ಅಳುಕು ಬೇರೊಂದು ಪರಿಣಾಮವನ್ನು ಮಾಡುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವು ವರ್ಷಗಳ ಕೆಳಗೆ ನಾನು ಪಾಠ ಹೇಳುತ್ತಿದ್ದ ಕಾಲೇಜಿನ ವಿದ್ಯಾರ್ಥಿಯೊಬ್ಬನನ್ನು ಪೊಲೀಸರು ಸಂಜೆ ಕೆರೆಯ ಏರಿಯ ಮೇಲೆ ಹಿಡಿದರು. ಮೂತ್ರ ಪರೀಕ್ಷೆಯಾಯಿತು, ೨೭ನೆಯ ಪ್ರಕರಣದಡಿ ಮೊಕದ್ದಮೆಯಾಯಿತು. ಎರಡನೆಯ ವರ್ಷದ ಬಿ.ಎ. ಹುಡುಗ, ಹಳಗನ್ನಡದ ಪದ್ಯವನ್ನು ಬಿಡಿಸಿ ಓದುವಾಗ ತಪ್ಪುತ್ತಿರಲಿಲ್ಲ. ವಕೀಲರು, “ತಪ್ಪಾಯಿತೆಂದು ಒಪ್ಪಿಕೊಂಡುಬಿಡು, ದಂಡ ಕಟ್ಟಿ ಇವತ್ತೇ ಮುಗಿಸೋಣ” ಎಂದರು. ಹುಡುಗ ಒಪ್ಪಿಕೊಂಡ. ತಂದೆ ಕೆಲವು ಸಾವಿರ ರೂಪಾಯಿ ಕಟ್ಟಿದರು. ನ್ಯಾಯಾಲಯದ ಮಟ್ಟಿಗೆ ವಿಷಯ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಆದರೆ ತಪ್ಪೊಪ್ಪಿಗೆಯೆಂದರೆ ಕಾನೂನಿನ ಭಾಷೆಯಲ್ಲಿ ಅಪರಾಧ ಸಾಬೀತಾಯಿತೆಂದು ಅರ್ಥ. ಸರ್ಕಾರಿ ಕೆಲಸಕ್ಕೆ ಸೇರುವಾಗ ತುಂಬುವ ನಮೂನೆಯಲ್ಲಿ, ನೀವು ಎಂದಾದರೂ ಶಿಕ್ಷೆಗೆ ಒಳಗಾಗಿದ್ದೀರಾ ಎಂಬ ಸಾಲಿನ ಮುಂದೆ ಅವನು ಇನ್ನು ಏನು ಬರೆಯಬೇಕು? ಸ್ಥಳೀಯ ಪತ್ರಿಕೆಯೊಂದು ಊರಿನ ಹೆಸರಿನ ಸಮೇತ ಸುದ್ದಿ ಹಾಕಿತು. ವಿದ್ಯಾರ್ಥಿನಿಲಯದಲ್ಲಿ ಅವನ ಹೆಸರನ್ನು ಹೊಡೆದುಹಾಕಿದರು. ಮರುವರ್ಷ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ಓದನ್ನು ಮುಂದುವರಿಸಬಾರದೆ ಎಂದು ಕೇಳಿದೆ. “ಸಾರ್, ಊರಲ್ಲಿ ನನ್ನ ಹೆಸರು ಹಿಡಿದು ಕರೆಯೋರೇ ಇಲ್ಲ ಈಗ” ಎಂದ. ಏನೆಂದು ಕರೆಯುತ್ತಾರೆಂದು ನಾನು ಕೇಳಲಿಲ್ಲ; ವಾಚಕರಿಗೂ ಹೇಳಬೇಕಾಗಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅದೇ ವಿದ್ಯಾರ್ಥಿನಿಲಯದ ಇನ್ನೊಬ್ಬ ಹುಡುಗನ ಸಂಗತಿ. ಅವನಿಗಿದ್ದದ್ದು ಗಾಂಜಾಕ್ಕಿಂತ ಕೆಟ್ಟ ಚಟ, ನೋವಿನ ಮಾತ್ರೆಗಳದು. ಮೊದಲನೆಯವನಿಗೆ ಆದದ್ದನ್ನು ಅವನು ಚೆನ್ನಾಗಿ ನೋಡಿದ್ದ. ಆದ್ದರಿಂದ ಮೇಲ್ವಿಚಾರಕರಿಗೆ ಹೇಳಲಿಲ್ಲ, ಅಧ್ಯಾಪಕರಿಗೆ ಹೇಳಲಿಲ್ಲ, ಅರ್ಧ ಮೈಲಿ ದೂರದ ಸರ್ಕಾರಿ ಆಸ್ಪತ್ರೆಗೂ ಹೋಗಲಿಲ್ಲ. ಒಂದು ರಾತ್ರಿ ಗೆಳೆಯರು ಹೊತ್ತುಕೊಂಡು ಹೋಗಬೇಕಾಗಿ ಬಂದಾಗಲೇ ನಮಗೆಲ್ಲ ತಿಳಿದದ್ದು. ಬದುಕಿಕೊಂಡ, ಆ ವರ್ಷದ ಓದು ಹೋಯಿತು. ಶಿಕ್ಷೆಯ ಉದ್ದೇಶ ಒಬ್ಬನನ್ನು ದಂಡಿಸಿ ಇತರರಿಗೆ ಪಾಠ ಕಲಿಸುವುದಾದರೆ, ಇಲ್ಲಿ ಪಾಠ ಕಲಿತದ್ದೇನೋ ಆಯಿತು. ಅವನು ಕಲಿತದ್ದು ಬಿಡುವುದನ್ನಲ್ಲ, ಬಚ್ಚಿಡುವುದನ್ನು.

ಇದು ಒಂದು ಊರಿನ ಕತೆಯಲ್ಲವೆಂಬುದಕ್ಕೆ ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ ಸೂಚನೆಯಿದೆ. ನಿಷಿದ್ಧ ಮಾದಕ ವಸ್ತುಗಳಿಗೆ ದಾಸರಾದವರಲ್ಲಿ ಎಂದಾದರೂ ಒಳರೋಗಿಯಾಗಿ ಚಿಕಿತ್ಸೆ ಪಡೆದವರು ಇಪ್ಪತ್ತಕ್ಕೆ ಒಬ್ಬರಂತೆ. ಆಸ್ಪತ್ರೆಗಳ ಕೊರತೆ, ಬಡತನ ಇವೂ ಇದಕ್ಕೆ ಕಾರಣ. ಆದರೆ ತಾನು ರೋಗಿ ಎಂದು ಹೇಳಿಕೊಳ್ಳುವುದೇ ತಾನು ಅಪರಾಧಿ ಎಂದು ಒಪ್ಪಿಕೊಂಡಂತೆ ಆಗುವ ಸ್ಥಿತಿಯಲ್ಲಿ ಬಾಗಿಲು ತಟ್ಟುವ ಧೈರ್ಯ ಎಷ್ಟು ಜನಕ್ಕೆ ಬಂದೀತು? ಅಮೆರಿಕದ ಫ್ರಾಂಕ್ ಟ್ಯಾನೆನ್‌ಬಾಮ್ ೧೯೩೮ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದ: ಒಬ್ಬನನ್ನು ಕೆಟ್ಟವನೆಂದು ಹೆಸರಿಸಿ, ಬೇರ್ಪಡಿಸಿ, ಎಲ್ಲರೆದುರು ಸಾರುತ್ತ ಹೋದರೆ ಅವನು ಕೊನೆಗೆ ಆ ಹೆಸರಿನಂತೆಯೇ ಆಗುತ್ತಾನೆ. ಅವನ ತರುವಾಯ ಹೋವರ್ಡ್ ಬೆಕರ್, ಗಾಂಜಾ ಸೇದುವವರ ನಡುವೆಯೇ ಅಧ್ಯಯನ ಮಾಡಿ, ೧೯೬೩ರಲ್ಲಿ ಈ ವಿಚಾರವನ್ನು ಒಂದು ಸಿದ್ಧಾಂತವಾಗಿ ಬೆಳೆಸಿದ.

ಹೆಸರಿನ ಮಾತು ಬಂದದ್ದರಿಂದ ಭಾಷೆಯ ಅಧ್ಯಾಪಕನಾದ ನಾನು ಇಲ್ಲಿ ತುಸು ನಿಲ್ಲಬೇಕು. ೨೦೧೦ರಲ್ಲಿ ಜಾನ್ ಕೆಲ್ಲಿ ಮತ್ತು ಕಸಾಂಡ್ರ ವೆಸ್ಟರ್‌ಹಾಫ್ ಎಂಬ ಸಂಶೋಧಕರು ಒಂದು ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಐನೂರಕ್ಕೂ ಹೆಚ್ಚು ಮಂದಿ ಮನೋಚಿಕಿತ್ಸಕರಿಗೆ ಒಬ್ಬ ರೋಗಿಯ ವೃತ್ತಾಂತವನ್ನು ಓದಲು ಕೊಟ್ಟರು. ಎಲ್ಲರಿಗೂ ಒಂದೇ ವೃತ್ತಾಂತ. ಆದರೆ ಅರ್ಧ ಜನಕ್ಕೆ ಕೊಟ್ಟ ಪ್ರತಿಯಲ್ಲಿ ಅವನನ್ನು ಮಾದಕ ವಸ್ತುಗಳ ‘ದುರ್ಬಳಕೆದಾರ’ ಎಂದೂ ಉಳಿದವರ ಪ್ರತಿಯಲ್ಲಿ ಆ ‘ತೊಂದರೆಯುಳ್ಳವನು’ ಎಂದೂ ಬರೆದಿತ್ತು. ಮೊದಲ ಪ್ರತಿಯನ್ನು ಓದಿದವರು, ತಪ್ಪು ಅವನದೇ, ಅವನಿಗೆ ಶಿಕ್ಷೆಯೂ ಆಗಬೇಕು ಎಂಬ ಕಡೆಗೆ ಹೆಚ್ಚು ವಾಲಿದರು. ಇವರು ತರಬೇತಿ ಪಡೆದ ಚಿಕಿತ್ಸಕರು ಎಂಬುದನ್ನು ಮರೆಯಬಾರದು. ಒಂದು ಪದದ ವ್ಯತ್ಯಾಸ ಅವರನ್ನೇ ಅಷ್ಟು ಅಲುಗಿಸುವುದಾದರೆ, ನಮ್ಮ ಕನ್ನಡದ ‘ಗಾಂಜಾ ಗಿರಾಕಿ’ ಎಂಬ ತಲೆಬರಹ ಓದುಗರ ಮೇಲೆ ಮಾಡುವ ಕೆಲಸ ಎಷ್ಟಿರಬೇಡ! ೨೦೨೦ರ ಸೆಪ್ಟೆಂಬರ್ ತಿಂಗಳಲ್ಲಿ ಬೆಂಗಳೂರಿನ ಚಿತ್ರರಂಗದ ಕೆಲವರು ಮಾದಕ ವಸ್ತುಗಳ ಪ್ರಕರಣದಲ್ಲಿ ಬಂಧಿತರಾದಾಗ ದೂರದರ್ಶನ ವಾಹಿನಿಗಳು ವಾರಗಟ್ಟಲೆ ನಡೆಸಿದ ವಿಚಾರಣೆ ಎಲ್ಲರಿಗೂ ನೆನಪಿರಬಹುದು. ವರ್ಷಗಳ ತರುವಾಯ ಉಚ್ಚ ನ್ಯಾಯಾಲಯ ಅವರಲ್ಲಿ ಕೆಲವರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿತು. ಆ ಸುದ್ದಿಯನ್ನು ನೆನಪಿಟ್ಟುಕೊಂಡವರು ಎಷ್ಟು ಮಂದಿ?

ನಮ್ಮ ಭಾಷೆಯಲ್ಲಿ ಇದಕ್ಕಿಂತ ಒಳ್ಳೆಯ ಮಾತು ಇಲ್ಲದೆ ಇಲ್ಲ. ‘ವ್ಯಸನ’ ಎಂಬುದನ್ನು ನೋಡಿ. ಸಂಸ್ಕೃತದಲ್ಲಿ ಅದಕ್ಕೆ ಕೆಟ್ಟ ಚಟ ಎಂಬ ಅರ್ಥವಿರುವಂತೆಯೇ ವಿಪತ್ತು ಎಂಬ ಅರ್ಥವೂ ಇದೆ. ಜೈನ ಪರಂಪರೆಯ ಸಪ್ತವ್ಯಸನಗಳಲ್ಲಿ ಅದು ಚಟ. ನಾವು ‘ತುಂಬ ವ್ಯಸನವಾಯಿತು’ ಎನ್ನುವಾಗ ಅದು ದುಃಖ. ವ್ಯಸನಿ ಎಂಬ ಮಾತನ್ನು ಆಡುವಾಗ ಚಟದ ಜೊತೆಗೆ ದುಃಖವೂ ಕಿವಿಗೆ ಬೀಳಬೇಕಾಗಿತ್ತು. ಈಗ ಬೀಳುತ್ತಿಲ್ಲ.

ಇನ್ನೂ ಒಂದು ವಿಚಿತ್ರ. ಈ ಮುದ್ರೆ ಗಿಡವನ್ನು ಹಿಂಬಾಲಿಸುತ್ತದೆಯೆ ಎಂದು ನೋಡಿದರೆ, ಅದೂ ಇಲ್ಲ. ಅದೇ ಗಿಡದ ಹೂದಲೆ ಗಾಂಜಾ, ಆದ್ದರಿಂದ ಅಪರಾಧ. ಹೂದಲೆಯಿಲ್ಲದ ಬರಿಯ ಎಲೆ ಕಾಯಿದೆಯ ವ್ಯಾಖ್ಯೆಯಿಂದ ಹೊರಗೆ. ಎಲೆಯಿಂದ ಮಾಡಿದ ಭಂಗಿ ಈ ಕಾಯಿದೆಗೆ ಒಳಪಡುವುದಿಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯ ೨೦೨೨ರಲ್ಲಿ ಜಾಮೀನಿನ ಆದೇಶವೊಂದರಲ್ಲಿ ಹೇಳಿದೆ. ಉತ್ತರ ಭಾರತದಲ್ಲಿ ಹೋಳಿಯ ದಿನ ಭಂಗಿ ಕುಡಿದವನು ರಸಿಕ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾವನ್ನೇ ಪ್ರಸಾದದಂತೆ ಸ್ವೀಕರಿಸುವ ರೂಢಿಯಿರುವುದನ್ನು ೨೦೨೦ರಲ್ಲಿ ಪತ್ರಿಕೆಗಳು ವರದಿ ಮಾಡಿದ್ದವು. ಅಲ್ಲಿ ಸೇದುವವನು ಭಕ್ತ. ಕೆರೆಯ ಏರಿಯ ಮೇಲೆ ಕುಳಿತವನು ಮಾತ್ರ ಗಿರಾಕಿ. ಯಾರು, ಎಲ್ಲಿ, ಯಾರ ಕಣ್ಣಿಗೆ ಬಿದ್ದರು ಎಂಬುದನ್ನು ನೋಡಿ ಮುದ್ರೆ ಬೀಳುತ್ತದೆ. ಅದು ಬೀಳುವುದು ಹೆಚ್ಚಾಗಿ ಒಳಕೋಣೆಯಿಲ್ಲದವರ ಹಣೆಯ ಮೇಲೆ. ಬೀದಿಯಲ್ಲಿ ಬದುಕುವವನ ತಪ್ಪು ಬೀದಿಯಲ್ಲಿಯೇ ನಡೆಯುತ್ತದಷ್ಟೆ.

ಮುದ್ರೆಯನ್ನು ತೆಗೆದುಹಾಕಿ ನೋಡಿದ ದೇಶಗಳಿವೆ. ಪೋರ್ಚುಗಲ್ ೨೦೦೧ರ ಜುಲೈ ೧ರಿಂದ, ಹತ್ತು ದಿನಕ್ಕೆ ಸಾಕಾಗುವಷ್ಟು ವಸ್ತುವನ್ನು ಸ್ವಂತಕ್ಕೆ ಇಟ್ಟುಕೊಂಡವನನ್ನು ಅಪರಾಧಿಗಳ ಸಾಲಿನಿಂದ ಹೊರಗಿಟ್ಟಿತು. ಆಗ ಆ ಸಣ್ಣ ದೇಶದಲ್ಲಿ ನೂರಕ್ಕೆ ಒಬ್ಬರು ಹೆರಾಯಿನ್ನಿಗೆ ಬಲಿಯಾಗಿದ್ದರೆಂದು ಅಂದಾಜು. ಸೇವನೆಗೆ ಅಲ್ಲಿ ಅನುಮತಿ ಕೊಟ್ಟರೆಂದು ಭಾವಿಸಬಾರದು. ಪೊಲೀಸರು ಇಂದಿಗೂ ವಸ್ತುವನ್ನು ಕಿತ್ತುಕೊಳ್ಳುತ್ತಾರೆ. ಆದರೆ ಮನುಷ್ಯನನ್ನು ಕಳಿಸುವುದು ನ್ಯಾಯಾಲಯಕ್ಕಲ್ಲ, ಮೂವರು ಸದಸ್ಯರ ಒಂದು ಮಂಡಲಿಗೆ. ಅಲ್ಲಿ ಕಟಕಟೆಯಿಲ್ಲ, ಮೇಜಿನ ಸುತ್ತ ಕುಳಿತು ಮಾತನಾಡಿ, ಬೇಕಾದವನಿಗೆ ಚಿಕಿತ್ಸೆಯ ದಾರಿ ತೋರಿಸುತ್ತಾರೆ. ದೇಶವೇ ಅಮಲಿನಲ್ಲಿ ಮುಳುಗುವುದೆಂದು ಹೆದರಿದವರ ಭವಿಷ್ಯ ಫಲಿಸಲಿಲ್ಲ. ಸೂಜಿಯ ಮೂಲಕ ಹೊಸದಾಗಿ ಎಚ್‌ಐವಿ ತಗುಲಿದವರ ಸಂಖ್ಯೆ ವರ್ಷಕ್ಕೆ ಸಾವಿರದ ಆಸುಪಾಸಿನಿಂದ ಎರಡು ದಶಕದೊಳಗೆ ಕೆಲವೇ ಹತ್ತುಗಳಿಗೆ ಇಳಿಯಿತು.

ಇದನ್ನು ಕಂಡು ಅಮೆರಿಕದ ಆರೆಗಾನ್ ರಾಜ್ಯವೂ ಅದೇ ದಾರಿ ಹಿಡಿಯಿತು. ೨೦೨೦ರ ನವೆಂಬರ್‌ನಲ್ಲಿ ಜನರೇ ಮತ ಹಾಕಿ ಶಿಕ್ಷೆಯನ್ನು ತೆಗೆದರು. ೨೦೨೧ರ ಫೆಬ್ರವರಿಯಿಂದ ಸಿಕ್ಕಿಬಿದ್ದವನಿಗೆ ನೂರು ಡಾಲರಿನ ಒಂದು ಚೀಟಿ. ದೂರವಾಣಿ ಮಾಡಿ ಆರೋಗ್ಯ ವಿಚಾರಣೆಗೆ ಒಪ್ಪಿದರೆ ಅದೂ ಮಾಫಿ. ಕರೆ ಮಾಡಿದವರು ತೀರ ಕೆಲವರು. ಚಿಕಿತ್ಸಾಲಯಗಳು ಸಿದ್ಧವಾಗುವ ಮೊದಲೇ ಶಿಕ್ಷೆ ಹೋಗಿತ್ತು. ಅದೇ ಹೊತ್ತಿಗೆ ಫೆಂಟನಿಲ್ ಎಂಬ ಘೋರ ವಿಷ ಆ ಕರಾವಳಿಗೆ ಬಂದಿತ್ತು. ಬೀದಿಗಳಲ್ಲಿ ಕಂಡ ದೃಶ್ಯಕ್ಕೆ ಬೇಸತ್ತ ರಾಜ್ಯ ೨೦೨೪ರ ಸೆಪ್ಟೆಂಬರ್‌ನಿಂದ ಸಣ್ಣ ಶಿಕ್ಷೆಯನ್ನು ಮತ್ತೆ ತಂದಿತು. ಪೋರ್ಚುಗಲ್ಲಿನಲ್ಲಿ ಒಂದು ಮೇಜು, ಮೂರು ಕುರ್ಚಿ, ಎದುರಿಗೆ ಕುಳಿತು ಕೇಳುವ ಮನುಷ್ಯರಿದ್ದರು. ಆರೆಗಾನಿನಲ್ಲಿ ಚೀಟಿಯ ಮೇಲೆ ಒಂದು ದೂರವಾಣಿ ಸಂಖ್ಯೆ ಇತ್ತು. ನನ್ನ ಮಟ್ಟಿಗೆ ಎರಡರ ನಡುವಣ ಮುಖ್ಯ ವ್ಯತ್ಯಾಸ ಇಷ್ಟೇ.

ನಮ್ಮ ಕಾಯಿದೆಯಲ್ಲಿ ಇಂಥ ಬಾಗಿಲು ಇಲ್ಲವೆ? ಇದೆ. ೩೯ನೆಯ ಪ್ರಕರಣದಂತೆ ನ್ಯಾಯಾಧೀಶರು ವ್ಯಸನಿಯನ್ನು ಸೆರೆಮನೆಗೆ ಕಳಿಸದೆ, ಅವನ ಒಪ್ಪಿಗೆ ಪಡೆದು ಚಿಕಿತ್ಸೆಗೆ ಬಿಡಬಹುದು. ೬೪ಎ ಪ್ರಕರಣ ಇನ್ನೂ ಉದಾರವಾದದ್ದು: ತಾನಾಗಿ ಮುಂದೆ ಬಂದು ಸರ್ಕಾರ ಮಾನ್ಯಮಾಡಿದ ಕಡೆ ಚಿಕಿತ್ಸೆ ಪಡೆಯುವ ವ್ಯಸನಿಯ ಮೇಲೆ ಸೇವನೆಯ ಮೊಕದ್ದಮೆ ನಡೆಯಲಾರದು, ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದೆಗೆಯಬಹುದು. ಇದನ್ನು ಮೊದಲ ಸಲ ಓದಿದಾಗ ನನಗೆ ಮನುಸ್ಮೃತಿಯ ಅದೇ ಅಧ್ಯಾಯ ನೆನಪಾಯಿತು. ಹಣೆಗೆ ಮುದ್ರೆ ಒತ್ತಿಸಬೇಕೆಂದ ಕೆಲವೇ ಶ್ಲೋಕಗಳ ತರುವಾಯ, ಪ್ರಾಯಶ್ಚಿತ್ತ ಮಾಡಿಕೊಂಡವನ ಹಣೆಗೆ ಮುದ್ರೆ ಒತ್ತಬಾರದು, ಹಣದ ದಂಡವನ್ನಷ್ಟೇ ವಿಧಿಸಬೇಕು ಎಂದು ಅಲ್ಲಿ ಹೇಳಿದೆ. ಎರಡು ಕಡೆಯೂ ಮುದ್ರೆಯನ್ನು ತಪ್ಪಿಸಿಕೊಳ್ಳಲು ಒಂದು ದಾರಿ ಉಂಟು. ಎರಡು ಕಡೆಯೂ ಆ ದಾರಿ ಗೊತ್ತಿದ್ದವನಿಗೆ ಮಾತ್ರ. ನನ್ನ ವಿದ್ಯಾರ್ಥಿಯ ವಕೀಲರು ೬೪ಎ ಪ್ರಕರಣವನ್ನು ಹೆಸರಿಸಲೇ ಇಲ್ಲ. ಒಂದೇ ಮಧ್ಯಾಹ್ನದಲ್ಲಿ ಮುಗಿಯುವ ಕೆಲಸಕ್ಕೆ ಅದು ಅಡ್ಡಿಯಾಗುತ್ತಿತ್ತು.

ಬಾಗಿಲು ಇದ್ದೂ ಅದನ್ನು ಹುಡುಕಿಕೊಂಡು ಬರುವ ಹೊಣೆಯನ್ನು ವ್ಯಸನಿಯ ಮೇಲೆಯೇ ಹೊರಿಸುವುದಕ್ಕೆ ಬದಲು, ಕಾನೂನೇ ಮೊದಲ ಹೆಜ್ಜೆ ಇಡಬಹುದು. ಇದು ಕನಸಿನ ಮಾತಲ್ಲ. ಇನ್ನೊಂದು ವಿಷಯದಲ್ಲಿ ನಾವು ಇದನ್ನು ಮಾಡಿಯಾಗಿದೆ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವನನ್ನು ಹಳೆಯ ದಂಡಸಂಹಿತೆಯ ೩೦೯ನೆಯ ಪ್ರಕರಣ ಅಪರಾಧಿಯೆಂದು ಕರೆಯುತ್ತಿತ್ತು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಅವನು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆಂದಿತು, ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸಿತು. ೨೦೨೪ರ ಜುಲೈ ೧ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಆ ೩೦೯ನೆಯ ಪ್ರಕರಣಕ್ಕೆ ಸ್ಥಾನ ಸಿಗಲಿಲ್ಲ. ಶಿಕ್ಷೆಯ ಭಯ ಹೋದರೆ ಜನ ಸಾಯಲು ಮುಗಿಬೀಳುತ್ತಾರೆಂದು ಆಗ ಯಾರೂ ವಾದಿಸಿದಂತೆ ಕಾಣೆ. ಅದೇ ೨೦೧೭ರ ಕಾಯಿದೆಯ ಎರಡನೆಯ ಪ್ರಕರಣದಲ್ಲಿ ಮಾನಸಿಕ ಕಾಯಿಲೆಯೆಂದರೇನೆಂಬ ವ್ಯಾಖ್ಯೆಯಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರುಪಯೋಗಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಅದು ಒಳಗೊಳ್ಳುತ್ತದೆ. ಹೀಗಾಗಿ ಮಾತ್ರೆಯ ಚಟದಿಂದ ಆಸ್ಪತ್ರೆ ಸೇರಿದ ಆ ಹುಡುಗ ಇಂದು ಒಂದು ಕಾಯಿದೆಯ ಪುಟದಲ್ಲಿ ಆರೈಕೆಯ ಹಕ್ಕುಳ್ಳ ರೋಗಿ, ಇನ್ನೊಂದರ ಪುಟದಲ್ಲಿ ಆರೋಪಿ. ಯಾವ ಪುಟ ಮೊದಲು ತೆರೆಯುತ್ತದೆಂಬುದು, ಅವನನ್ನು ಹೊತ್ತು ತಂದ ರಾತ್ರಿ ಆಸ್ಪತ್ರೆಯ ಬಾಗಿಲಲ್ಲಿ ಯಾರಿದ್ದರು ಎಂಬುದನ್ನು ಅವಲಂಬಿಸಿದೆ.